ಮುಳ್ಳು ಬಡಿದ ಮನೆಯೊಳಗಿನ ಚೊಂಬಿನ ಸದ್ದು

1996ನೇ ಇಸವಿಯ ಮಾತು. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ, ಶ್ರೀರಂಗಪಟ್ಟಣದ ನಮ್ಮ ಮನೆಯಲ್ಲಿ ಅಮ್ಮನ ಕೈಲಿ ದಿನಾ ಬೈಸಿಕೊಂಡು ಕೂತಿದ್ದ ನನಗೆ ಆ ವರ್ಷ ಒಂದು ಕೆಲಸ ಸಿಕ್ಕಿತು. ಕ್ಯಾನ್ಸರ್ ಬಂದವರ ಮನಸ್ಸು ಹೇಗಿರುತ್ತದೆ, ಅವರನ್ನು ನೋಡಿಕೊಳ್ಳುವ ಮನೆಯವರ ಮನಸ್ಸು ಹೇಗಿರುತ್ತದೆ, ಅವರಿಗೆಲ್ಲ ಯಾವ ಥರದ ಆಸರೆ ಬೇಕು ಎಂದು ತಿಳಿಯಲು ಮೈಸೂರಿನ ಕೆಲವು ಸಂಶೋಧಕರು ಹೊರಟಿದ್ದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲೂಕಿನ ಹಳ್ಳಿಗಳಿಗೆ ಬಸ್ಸಿನಲ್ಲಿ ಹೋಗಿ, ಅಂಥವರ ಮನೆಗಳಲ್ಲಿ ಕೂತು ಮಾತಾಡಿಸಿಕೊಂಡು ಬರುವುದು ನನ್ನ ಕೆಲಸ.

ಕೇಳೋಕೆ ಸುಲಭ. ಮಾಡೋಕೆ ಹೋದಾಗ ಗೊತ್ತಾಯಿತು. ಆ ಕಾಲದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಹೆಣ್ಣುಮಗಳು ಊರೊಳಗೆ ಬಂದಳೆಂದರೆ ಸಂತಾನಹರಣದ ಆಪರೇಷನ್ನಿಗೆ ಹೆಂಗಸರನ್ನು ಹಿಡಿಯಲು ಬಂದವಳು ಎಂದೇ ಲೆಕ್ಕ. ಬೆಳಗೊಳದಲ್ಲಿ ಒಬ್ಬಳು ನನ್ನನ್ನು ಕಂಡವಳೇ ಹಿತ್ತಲ ಬಾಗಿಲಿಂದ ಓಡಿದ್ದಳು. "ಅದಲ್ಲಮ್ಮ, ನಿಮ್ಮ ಮನಸ್ಸಿನ ಬಗ್ಗೆ ಕೇಳೋಕೆ ಬಂದಿದ್ದೀನಿ" ಅಂದರೆ, "ಮನಸ್ಸಿಗೇನಾಗದೆ? ಆಗಿರೋದು ಗಂಟ್ಲಿಗೆ ತಾನೆ?" ಎಂದು ಮಿಕ್ಕವರು ನನ್ನನ್ನೇ ತಿರುಗಿ ಕೇಳುತ್ತಿದ್ದರು. ಇತ್ತ ಮನೆಗೆ ಬಂದರೆ ನಮ್ಮಮ್ಮ, "ಮೊದ್ಲು ನೀರು ಉಯ್ಕಂಡು ಒಳೀಕೆ ಬಾ, ಯಾರ್ಯಾರ ಕಾಯ್ಲೆ ಒತ್ಕಂಡು ಬಂದಿದ್ದೀಯೋ" ಅನ್ನೋರು. ಕ್ಯಾನ್ಸರ್ ಅಂಟುರೋಗ ಅಲ್ಲ ಎಂದು ಅವರಿಗೆ ಕೊನೆಯವರೆಗೂ ನನ್ನಿಂದ ನಂಬಿಸಲು ಆಗಲಿಲ್ಲ.

ನಮ್ಮ ಸಂಶೋಧನೆಯ ಮುಖ್ಯಸ್ಥೆಯನ್ನು ನಾವು ದೊಡ್ಡ ಮೇಡಂ ಎನ್ನುತ್ತಿದ್ದೆವು. ಕಾಯಿಲೆಯ ಹೆಸರನ್ನು ಮನೆಯವರು ಹೇಳುವ ತನಕ ನೀವು ಹೇಳಬೇಡಿ, ಒಂದು ಪ್ರಶ್ನೆ ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತಿರಿ ಎಂದು ಅವರು ನಮಗೆ ಕಲಿಸಿದ್ದರು. ಎರಡನೆಯದು ನನ್ನಂಥ ವಾಚಾಳಿಗೆ ಶಿಕ್ಷೆ. ಆದರೂ ಕಲಿತೆ.

ನಾನು ಹೇಳಹೊರಟಿರುವ ಮನೆ ಕೆ.ಆರ್. ಪೇಟೆ ತಾಲೂಕಿನಲ್ಲಿ, ಗೋವಿಂದನಹಳ್ಳಿ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಕಬ್ಬಿನ ಗದ್ದೆಗಳ ನಡುವೆ ಒಳಗೆ ನಡೆದು ಹೋಗಬೇಕಾದ ಒಂದು ಸಣ್ಣ ಊರಿನಲ್ಲಿತ್ತು. ಊರಿನ ಹೆಸರು ಬೇಡ, ಆ ಮನೆಯವರು ಈಗಲೂ ಅಲ್ಲೇ ಇದ್ದಾರೆ. ಜನರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ಯಜಮಾನರು ನಿಂಗೇಗೌಡರು. ಗಂಟಲಲ್ಲಿ ಗಡ್ಡೆಯಾಗಿ ಆಪರೇಷನ್ ಆಗಿತ್ತು. ಉಸಿರಾಡಲು ಕತ್ತಿನಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ದರು. ಮಾತು ನಿಂತುಹೋಗಿತ್ತು. ಓದು ಬರಹ ಬಾರದವರು, ಹಾಗಾಗಿ ಬರೆದು ತೋರಿಸುವ ಹಾಗೂ ಇಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಹಿತ್ತಾಳೆ ಚೊಂಬು, ಒಂದು ಚಮಚ. ಏನಾದರೂ ಬೇಕಾದರೆ ಚಮಚದಿಂದ ಚೊಂಬಿಗೆ ಬಡಿಯುತ್ತಿದ್ದರು. ಟಣ್ ಟಣ್ ಎಂದು, ಸ್ವಲ್ಪ ತಡೆದು, ಮತ್ತೆ ಟಣ್ ಎಂದು.

ಬಡಿದರೆ ಸಾಕು, ಸೊಸೆ ಭಾಗ್ಯ ಎಲ್ಲಿದ್ದರೂ ಓಡಿ ಬರುತ್ತಿದ್ದಳು. ನನ್ನ ವಾರಿಗೆಯವಳು, ಮದುವೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲ. ಕೊಳವೆ ತೊಳೆಯುವುದನ್ನು ಆಸ್ಪತ್ರೆಯಲ್ಲಿ ಅವಳಿಗೇ ಹೇಳಿಕೊಟ್ಟಿದ್ದರು, ಅದಕ್ಕೇ ಮಾವನ ಆರೈಕೆಯೆಲ್ಲ ಅವಳದಾಗಿತ್ತು. "ನಿದ್ದೇಲೂ ಕಿವಿ ನೆಟ್ಟಗಿರ್ತದೆ ಮೇಡಂ. ಮಾವ ಒಂದ್ಸಲ ಬಡದ್ರೆ ಎದ್ದು ಕುಂತಿರ್ತೀನಿ" ಅಂದಳು. ಅವಳ ಜೊತೆಯೇ ನಾನು ಅರ್ಧ ದಿನ ಕೂತು ಮಾತಾಡಿದೆ.

ನಿಂಗೇಗೌಡರ ಹೆಂಡತಿ ಕೆಂಪಮ್ಮ ಅಡುಗೆಮನೆಯಲ್ಲಿ ಸೌದೆ ಒಲೆ ಊದುತ್ತಾ ಇದ್ದರು. ಹೊಗೆ ಆಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಗಂಡನ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತಿತ್ತು. ಅವರ ಸೀರೆಯ ಹೊಗೆ ವಾಸನೆಗೇ ಗೌಡರಿಗೆ ಕೆಮ್ಮು ಬರುತ್ತದೆ ಎಂದು ಮನೆಯವರು ಅವರನ್ನು ಹತ್ತಿರ ಬಿಡುತ್ತಿರಲಿಲ್ಲ. ಜೊತೆಗೆ ಅವರಿಗೆ ಕಿವಿ ತೀರ ಮಂದ. ಕಿವಿ ಕೇಳದವರ ಹಾಗೆ ಎತ್ತರದ ದನಿಯಲ್ಲಿ "ಕಾಪಿ ಕುಡಿ ಮಗಾ!" ಎಂದು ಲೋಟ ಕೊಟ್ಟರು. ನಾನು ಏನೋ ಕೇಳಿದೆ. ಅವರು ನಕ್ಕರು. ಮತ್ತೇನೋ ಕೇಳಿದೆ, ಮತ್ತೂ ನಕ್ಕರು. "ಅವರ್ಗೆ ಕೇಳಕಿಲ್ಲ ಬುಡಿ ಮೇಡಂ" ಅಂದಳು ಭಾಗ್ಯ. ನಾನೂ ಬಿಟ್ಟೆ.

ಕೆಲವು ತಿಂಗಳಾದ ಮೇಲೆ, ದೀಪಾವಳಿ ಕಳೆದು ಕಬ್ಬೆಲ್ಲ ಹೂ ಬಿಟ್ಟಿದ್ದ ಕಾಲದಲ್ಲಿ, ಎರಡನೆಯ ಸಲ ಆ ಊರಿಗೆ ಹೋದೆ. ಮಧ್ಯಾಹ್ನ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ನಿಂಗೇಗೌಡರ ಮನೆಯ ಮುಂದೆ ಬಂದು ನಿಂತವಳು ಹಾಗೇ ಹಿಂದಕ್ಕೆ ಸರಿದೆ. ಬಾಗಿಲಿಗೆ ಅಡ್ಡಲಾಗಿ, ಆಳೆತ್ತರಕ್ಕೆ ಜಾಲಿಮುಳ್ಳು ಬಡಿದಿದ್ದರು. ಜಗುಲಿಯ ಮೇಲೆ ತರಗೆಲೆ. ಹೊಸ್ತಿಲಿಗೆ ಯಾವ ಕಾಲದಲ್ಲೋ ಬಳಿದ ಅರಿಶಿನ ಕಪ್ಪಗಾಗಿತ್ತು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಹೋದರೆ ಮನೆಯವರೆಲ್ಲ ಮನೆ ಬಿಡಬೇಕು. ಬಾಗಿಲಿಗೆ ಮುಳ್ಳು ಹಾಕಿ, ಹೇಳಿದಷ್ಟು ತಿಂಗಳು ಬೇರೆ ಕಡೆ ಇದ್ದು, ಆಮೇಲೆ ಶಾಂತಿ ಮಾಡಿಸಿ ಒಳಗೆ ಹೋಗಬೇಕು. ಅದಕ್ಕೆ ಮುಂಚೆ ಯಾರಾದರೂ ಒಳಗೆ ಕಾಲಿಟ್ಟರೆ ಆ ಮನೆಯಲ್ಲಿ ಇನ್ನೊಂದು ಸಾವು ಖಂಡಿತ ಎಂದು ನಂಬಿಕೆ. ಗೌಡರು ಹೋಗಿಬಿಟ್ಟಿದ್ದಾರೆ ಎಂದು ನನಗೆ ಆ ಮುಳ್ಳು ನೋಡಿಯೇ ಗೊತ್ತಾಯಿತು.

ಬೀದಿಯ ಆಚೆ ಬದಿಗೆ ಅವರದೇ ಹಳೇ ಕೊಟ್ಟಿಗೆ. ಅದನ್ನು ಸಾರಿಸಿ, ನಡುವೆ ತಟ್ಟಿ ಕಟ್ಟಿಕೊಂಡು ಮನೆಯವರು ಅಲ್ಲಿ ಬಿಡಾರ ಮಾಡಿದ್ದರು. ಬಾಗಿಲಲ್ಲಿ ಮಗ ಕೃಷ್ಣ, ಅಂದರೆ ಭಾಗ್ಯಳ ಗಂಡ, ಹುಲ್ಲಿನ ಹೊರೆ ಇಳಿಸುತ್ತಿದ್ದ. ನನ್ನನ್ನು ಕಂಡು "ನಮ್ಮಪ್ಪ ಓದ್ರು ಮೇಡಂ" ಎಂದಷ್ಟೇ ಅಂದ. ಒಳಗೆ ಹೋಗಿ ಭಾಗ್ಯಳನ್ನು ನೋಡಿದೆ. ಗುರುತೇ ಸಿಗಲಿಲ್ಲ. ಗಲ್ಲ ಒಳಗೆ ಹೋಗಿ, ಕಣ್ಣ ಸುತ್ತ ಕಪ್ಪಾಗಿ, ಬಳೆಗಳು ಮೊಣಕೈ ತನಕ ಜಾರುತ್ತಿದ್ದವು. ಮೂಲೆಯಲ್ಲಿ ಕೆಂಪಮ್ಮ ತಲೆ ತುಂಬ ಸೆರಗು ಹೊದ್ದು ಸೊಪ್ಪು ಸೋಸುತ್ತಾ ಕೂತಿದ್ದರು.

"ಯಾಕೆ ಭಾಗ್ಯ, ಹೀಗಾಗಿದ್ದೀಯ?" ಎಂದೆ.

ದೊಡ್ಡ ಮೇಡಂ ಕಲಿಸಿದ ಹಾಗೆ ಬಾಯಿ ಮುಚ್ಚಿಕೊಂಡು ಕಾದೆ. ಅವಳು ಎದುರು ಮನೆಯ ಕಡೆ ಕಣ್ಣಲ್ಲೇ ತೋರಿಸಿ, "ಮಾವ ಕೂಗ್ತಾವ್ರೆ ಮೇಡಂ" ಎಂದಳು.

"ಯಾವ ಮಾವ?"

"ನಮ್ಮಾವ. ಬೈಗಾದ್ರೆ ಚೊಂಬು ಬಡೀತಾರೆ. ನನ್ನೇ ಕೂಗ್ತಾರೆ. ನಾನು ಓಗ್ನೇಬೇಕು ಅನ್ಸ್ತದೆ. ಅನ್ನ ಬಾಯಿಗಿಟ್ರೆ ಒಳೀಕೆ ಇಳಿಯಕಿಲ್ಲ."

ನನ್ನ ಕಣ್ಣು ಮತ್ತೆ ಆ ಮುಳ್ಳು ಬಡಿದ ಬಾಗಿಲಿನ ಕಡೆ ಹೋಯಿತು. ನಾನು ದೆವ್ವಗಿವ್ವ ನಂಬುವವಳಲ್ಲ. ನಂಬುವುದಿಲ್ಲ ಅಂದ ಮಾತ್ರಕ್ಕೆ ಹೆದರುವುದಿಲ್ಲ ಅಂತಲ್ಲವಲ್ಲ.

ಕೃಷ್ಣ ನನ್ನನ್ನು ಹೊರಗೆ ಕರೆದು ಮಿಕ್ಕದ್ದು ಹೇಳಿದ. ಚೊಂಬು ಆ ಮನೆಯೊಳಗೇ ಉಳಿದುಹೋಗಿದೆ. ಸದ್ದನ್ನು ಅವನೂ ಕೇಳಿದ್ದಾನೆ, ಬೀದಿಯವರೂ ಕೇಳಿದ್ದಾರೆ.

"ಯಾರೋ ಕಳ್ಳರಿರಬೇಕು ಕೃಷ್ಣ."

"ನಂಗೂ ಅಂಗೇ ಅನ್ಸಿತ್ತು ಮೇಡಂ. ಜಗ್ಲಿ ತಾವ ನಿಂತ್ಕಂಡು, ಯಾರ್ಲಾ ಒಳಗೆ ಅಂತ ಗಂಟ್ಲು ಅರಿಯಂಗೆ ಕೂಗ್ದೆ. ಕಳ್ಳ ಆಗಿದ್ರೆ ಓಡೋಗನು. ಸದ್ದು ನಿಲ್ನೇ ಇಲ್ಲ. ನಾನು ಕೂಗ್ತಾನೇ ಇದ್ದೀನಿ, ಅದು ಬಡೀತಾನೇ ಅದೆ."

ಇದನ್ನು ಹೇಳುವಾಗ ಆ ಗಟ್ಟಿಮುಟ್ಟಾದ ಗಂಡಸು ಆ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಬದುಕಿದ್ದಾಗ ಅಪ್ಪ ಕರೆಯುತ್ತಿದ್ದದ್ದು ಭಾಗ್ಯಳನ್ನೇ, ಸತ್ತ ಮೇಲೂ ಅವಳನ್ನೇ ಹಿಡಿದಿದ್ದಾರೆ ಎಂದು ಊರವರೆಲ್ಲ ತೀರ್ಮಾನಿಸಿದ್ದರು. ನಾಗಮಂಗಲದ ಕಡೆ ಒಬ್ಬ ದೆವ್ವ ಬಿಡಿಸುವವನಿದ್ದಾನಂತೆ. ಬೇವಿನ ಬರಲಿನಲ್ಲಿ ಹೊಡೆಯುತ್ತಾನೆ, ಅದಕ್ಕೂ ಬಿಡದಿದ್ದರೆ ಕಾದ ಕಬ್ಬಿಣದಲ್ಲಿ ಬರೆ ಹಾಕುತ್ತಾನೆ. ಬರುವ ಅಮಾವಾಸ್ಯೆಗೆ ಭಾಗ್ಯಳನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಆಗಿತ್ತು.

"ಅವಳ ಮೈಯಲ್ಲಿ ಏನಿದೆ ಅಂತ ಹೊಡೆಸ್ತೀಯಪ್ಪ?" ಎಂದು ರೇಗಿದೆ.

"ಇನ್ನೇನ್ ಮಾಡಾನ ಯೋಳಿ ಮೇಡಂ. ಕಣ್ಮುಂದೆ ಕರಗೋಯ್ತಾವ್ಳೆ" ಎಂದು ಅವನು ತಲೆ ತಗ್ಗಿಸಿದ. ಅವನ ಮೇಲೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ. ಹೆಂಡತಿ ಮೇಲೆ ಅವನಿಗೆ ಜೀವ. ಆದರೆ ಆ ನಾಗಮಂಗಲದವನ ಕೈಗೆ ಸಿಕ್ಕರೆ ಈ ಹುಡುಗಿ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ನನ್ನ ಎಂ.ಎ. ತಲೆ ಆಗಲೇ ಒಂದು ಲೆಕ್ಕ ಹಾಕಿಯಾಗಿತ್ತು. ಅಷ್ಟು ದಿನ ಆ ಸದ್ದಿಗೆ ಕಿವಿ ಕೊಟ್ಟು ಬದುಕಿದವಳು, ಅದಿಲ್ಲದೆ ಇರಲಾರದೆ ಭಾಗ್ಯಳೇ ಹಿತ್ತಲ ಕಡೆಯಿಂದ ಒಳಗೆ ಹೋಗಿ ಬಡಿದುಕೊಳ್ಳುತ್ತಿದ್ದಾಳೆ. ಆಮೇಲೆ ಅದು ಅವಳಿಗೇ ಗೊತ್ತಿರುವುದಿಲ್ಲ. ದೊಡ್ಡ ಮೇಡಂಗೆ ಹೇಳಿದರೆ ಭೇಷ್ ಅನ್ನುತ್ತಾರೆ ಎಂದು ಒಳಗೊಳಗೇ ಬೀಗಿದೆ ಕೂಡ. ಬಸ್ಸಿನ ಹೊತ್ತಾಯಿತು ಎಂದು ಎದ್ದರೆ ಭಾಗ್ಯ ನನ್ನ ಕೈ ಬಿಡಲಿಲ್ಲ. "ಒಸಿ ಇರಿ ಮೇಡಂ. ನೀವೇ ಕೇಳ್ರಂತೆ" ಅಂದಳು. ಅವಳ ಪಕ್ಕದಲ್ಲೇ ಕೂತಿದ್ದರೆ ಸದ್ದು ಬರುವುದಿಲ್ಲ, ಅದನ್ನೇ ಅವಳಿಗೆ ತೋರಿಸಿಕೊಡಬಹುದು ಎಂದು ನಾನೂ ಉಳಿದೆ.

ಹೊತ್ತು ಇಳಿಯಿತು. ಹಾಲು ಕರೆದಾಯಿತು. ಕೃಷ್ಣ ಕ್ಯಾನು ಹಿಡಿದು ಡೈರಿಗೆ ಹೊರಟ. ಬೀದಿಯ ಗಂಡಸರೂ ಡೈರಿ ಕಡೆಗೆ ಹೋದರು. ಕೆಂಪಮ್ಮ ಬೆಳಕಿರುವಾಗಲೇ ಒಂದು ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊಲದ ಕಡೆ ಹೋಗಿದ್ದರು. ಹಳ್ಳಿಯಲ್ಲಿ ಹೆಂಗಸರು ಹೊರಗೆ ಹೋಗುವ ಹೊತ್ತು ಅದು. ಕೊಟ್ಟಿಗೆಯಲ್ಲಿ ನಾನು, ಭಾಗ್ಯ ಇಬ್ಬರೇ. ಎದುರಿಗೆ ಮುಳ್ಳು ಬಡಿದ ಬಾಗಿಲು ಮಬ್ಬಾಗುತ್ತಾ ಇತ್ತು. ಭಾಗ್ಯಳ ಕೈ ನನ್ನ ಕೈಯೊಳಗಿತ್ತು.

ಟಣ್ ಟಣ್.

ಸ್ವಲ್ಪ ತಡೆದು, ಮತ್ತೆ ಟಣ್.

ನನ್ನ ಲೆಕ್ಕವೆಲ್ಲ ನೆಲಕಚ್ಚಿತು. ಸದ್ದು ಆ ಮನೆಯೊಳಗಿಂದಲೇ ಬಂತು, ಸಂಶಯವೇ ಇಲ್ಲ. ಮೊದಲ ಸಲ ಬಂದಾಗ ಮಂಚದ ಪಕ್ಕದಲ್ಲಿ ಕೂತು ಕೇಳಿದ್ದ ಅದೇ ಹಿತ್ತಾಳೆಯ ಸದ್ದು, ಅದಕ್ಕಿಂತ ಜೋರು. ಬಡಿಯುವವರಿಗೆ ಸಿಟ್ಟು ಬಂದಿರುವಷ್ಟು ಜೋರು. ಕೊಟ್ಟಿಗೆಯ ಎಮ್ಮೆ ಮೆಲುಕು ನಿಲ್ಲಿಸಿ ಕಿವಿ ಎತ್ತಿತು. ಭಾಗ್ಯ ಆಗಲೇ ಎದ್ದು ನಿಂತಿದ್ದಳು.

"ಬಂದೆ ಮಾವ" ಎಂದಳು. ನಿದ್ದೆಗಣ್ಣಲ್ಲಿ ಮಾತಾಡುವವರ ದನಿ ಅದು.

ಅವಳನ್ನು ಹಿಡಿದು ಕೂರಿಸಲು ನೋಡಿದೆ, ಆಗಲಿಲ್ಲ. ಅಷ್ಟು ಸೊರಗಿದ ಮೈಯಲ್ಲಿ ಎಲ್ಲಿತ್ತೋ ಬಲ, ನನ್ನನ್ನೇ ಎಳೆದುಕೊಂಡು ಬೀದಿ ದಾಟಿದಳು. ಆಗ ನನಗೆ ಒಂದೇ ಒಂದು ತೋಚಿತು. ಇವಳು ಒಬ್ಬಳೇ ಒಳಗೆ ಹೋಗಬಾರದು, ಹೋಗುವುದಾದರೆ ನಾನು ಮುಂದೆ ಹೋಗಬೇಕು. ಧೈರ್ಯದಿಂದ ಅಲ್ಲ, ಬೇರೆ ದಾರಿ ಇರಲಿಲ್ಲ. ಅವಳನ್ನು ನನ್ನ ಬೆನ್ನ ಹಿಂದೆ ಇಟ್ಟುಕೊಂಡು ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋದೆ. ಮುಳ್ಳು ಇದ್ದದ್ದು ಮುಂಬಾಗಿಲಿಗೆ ಮಾತ್ರ. ಹಿಂಬಾಗಿಲಿಗೆ ಕಟ್ಟಿದ್ದ ಹಗ್ಗ ಬಿಚ್ಚಿತ್ತು. ಬಾಗಿಲು ಒಂದಿಷ್ಟು ತೆರೆದಿತ್ತು.

ಒಳಗೆ ಮುಚ್ಚಿದ ಮನೆಯ ಮುಗ್ಗಲು ವಾಸನೆ, ಅದರೊಳಗೆ ಇನ್ನೂ ಉಳಿದಿದ್ದ ಡೆಟಾಲ್ ವಾಸನೆ. ಅಡುಗೆಮನೆ ದಾಟಿದರೆ ಗೌಡರ ಕೋಣೆ. ಅದರ ಬಾಗಿಲೂ ತೆಗೆದಿತ್ತು. ಸೂರಿನ ಗಾಜಿನ ಹೆಂಚಿನಿಂದ ಕೊನೆಯ ಬೆಳಕು ಬರಿಯ ಮಂಚದ ಮೇಲೆ ಬಿದ್ದಿತ್ತು. ಮಂಚದ ಪಕ್ಕ ನೆಲದ ಮೇಲೆ, ನಮ್ಮ ಕಡೆ ಬೆನ್ನು ಮಾಡಿಕೊಂಡು, ತಲೆ ತುಂಬ ಸೆರಗು ಹೊದ್ದ ಒಂದು ಆಕೃತಿ ಕೂತಿತ್ತು. ಕೈ ಎತ್ತಿ ಚೊಂಬಿಗೆ ಬಡಿಯಿತು. ಟಣ್ ಟಣ್. ತಡೆದು, ಟಣ್.

"ಯಾರು?" ಎಂದೆ. ದನಿ ಬಂತೋ ಇಲ್ಲವೋ ಎಂದು ಮತ್ತೊಮ್ಮೆ ಗಟ್ಟಿಯಾಗಿ ಕೇಳಿದೆ. ಆ ಬೆನ್ನು ಅಲುಗಲಿಲ್ಲ.

ಆಮೇಲೆ ಅದು ಮಾತಾಡಿತು. ಬಹಳ ಮೆಲ್ಲಗೆ. "ಬಂದೆ ಇರಿ... ಬಂದೆ." ಎದ್ದಿತು. ಗೋಡೆ ಹಿಡಿದುಕೊಂಡು, ನೆಲ ನೋಡುತ್ತಾ, ನಮಗೆ ತಾಗುವಷ್ಟು ಹತ್ತಿರದಲ್ಲೇ ಹಾದು ಅಡುಗೆಮನೆಗೆ ಹೋಯಿತು. ತಣ್ಣಗಾಗಿ ಬಿದ್ದಿದ್ದ ಒಲೆಯ ಮುಂದೆ ಒಂದು ಗಳಿಗೆ ನಿಂತು, ಸೆರಗಿಗೆ ಕೈ ಒರೆಸಿಕೊಂಡು, ಕೆಲಸದ ನಡುವೆ ಯಾರೋ ಕರೆದರೆ ಬರುವ ಹಾಗೆ ದುಡುದುಡು ತಿರುಗಿ ಬಂದು ಮಂಚದ ಬಳಿ ಕೂತಿತು. ಮತ್ತೆ ಚಮಚ ಎತ್ತಿಕೊಂಡಿತು.

ಕೆಂಪಮ್ಮ. ನಾವಿಬ್ಬರೂ ಅವರ ಹಿಂದೆಯೇ ಇದ್ದೇವೆ, ಅವರಿಗೆ ಗೊತ್ತೇ ಇಲ್ಲ. ಒಂದು ದೆವ್ವ ಕಂಡಿದ್ದರೆ ಕಿರುಚಿ ಓಡುತ್ತಿದ್ದೆನೇನೋ. ತನ್ನನ್ನು ತಾನೇ ಕರೆದುಕೊಂಡು, ತಾನೇ ಓಗೊಟ್ಟುಕೊಂಡು ಓಡಾಡುತ್ತಿದ್ದ ಆ ಜೀವವನ್ನು ಕಂಡು ನನಗೆ ಕಿರುಚಲೂ ಆಗಲಿಲ್ಲ, ಓಡಲೂ ಆಗಲಿಲ್ಲ.

ಭಾಗ್ಯ ನನ್ನನ್ನು ದಾಟಿಕೊಂಡು ಹೋಗಿ ಅವರ ಭುಜ ಮುಟ್ಟಿದಳು. ಕೆಂಪಮ್ಮ ಬೆಚ್ಚಿಬಿದ್ದು ತಿರುಗಿದರು. ಮೊದಲು ಮಾಡಿದ ಕೆಲಸ ಎಂದರೆ ಚಮಚವನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡದ್ದು.

"ಯಾರ್ಗೂ ಯೋಳ್ಬೇಡಿ ಕಣ್ರವ್ವಾ" ಎಂದು ಕೈ ಮುಗಿದರು. "ಮುಳ್ಳಾಕಿರೋ ಮನೆ ಒಳೀಕೆ ಬರ್ಬಾರ್ದು, ಗೊತ್ತು ನಂಗೆ. ಬಂದೋರು ಸಾಯ್ತಾರಲ್ವಾ, ನಾನೇ ಸಾಯ್ಲಿ ಬುಡಿ."

ಚೊಂಬು ತೋರಿಸಿ, ಯಾಕವ್ವ ಹೀಗೆ ಬಡೀತೀರ ಎಂದು ಸನ್ನೆಯಲ್ಲೇ ಕೇಳಿದೆ.

"ಇಲ್ಲಿ ಬಡೀತಿದ್ರಂತಲ್ಲ ಅವರು. ಮನೆಯೋರ್ಗೆಲ್ಲ ಕೇಳ್ತಿತ್ತಂತೆ, ನಂಗೊಬ್ಳಿಗೆ ಕೇಳ್ತಿರ್ನಿಲ್ಲ. ಎಂಗಿತ್ತೋ ಆ ಸದ್ದು, ಒಂದ್ಸಲ ಕೇಳಾನ ಅಂತ ಬಂದೆ. ಮೆಲ್ಲಗೆ ಬಡದ್ರೆ ಕಿವಿಗೆ ಬೀಳಕಿಲ್ಲ. ಒಸಿ ಬಲವಾಗಿ ಬಡದ್ರೆ ಕೇಳ್ದಂಗಾಯ್ತದೆ. ಈಚೀಕೆಲ್ಲ ಕೇಳಕಿಲ್ಲ ಅಂದ್ಕಂಡಿದ್ದೆ ಕಣವ್ವ." ಚೊಂಬಿನ ಕಡೆ ನೋಡುತ್ತಾ, "ಕೇಳುದ್ಮ್ಯಾಕೆ ಬಂದೆ ಅನ್ಬೇಕಲ್ಲ? ಗಂಡ ಕೂಗ್ದಾಗ ಬಂದೆ ಅನ್ಬೇಕಲ್ಲ?" ಎಂದರು.

ಮಡಿಲಲ್ಲಿದ್ದ ಚಮಚವನ್ನು ಸೆರಗಿನಿಂದ ಒರೆಸಿದರು.

"ಮಾತು ನಿಂತ್ಮ್ಯಾಕೆ ಒಂದಿನಾನೂ ನನ್ನ ಕೂಗ್ನಿಲ್ಲ ಕಣವ್ವ ಆ ಮನ್ಸ. ಕೂಗುದ್ರೆ ಇವಳ್ನೇ. ಇವಳ ತಪ್ಪಿಲ್ಲ, ಚೆಂದಾಗಿ ನೋಡ್ಕಂಡ್ಳು. ಆದ್ರೆ ನನ್ನ ಯಾಕೆ ಕೂಗ್ನಿಲ್ಲ? ನಾನೇನ್ ಮಾಡಿದ್ದೆ?"

ಆಗ ಭಾಗ್ಯ ನನ್ನ ತೋಳನ್ನು ಉಗುರು ನಾಟುವ ಹಾಗೆ ಹಿಡಿದಳು. ಅವಳ ಮುಖ ನೋಡಿ ನನಗೆ ಮತ್ತೆ ಭಯವಾಯಿತು.

"ಮೇಡಂ, ನಾನು ಬಂದ್ರೆ ಮಾವ ಕೈಯಾಡ್ಸೋರು" ಎಂದಳು ಪಿಸುದನಿಯಲ್ಲಿ. "ಬೇಡ ಬೇಡ ಅಂತ ಕೈಯಾಡ್ಸಿ ಅಡುಗೆಮನೆ ಕಡೆ ತೋರ್ಸೋರು. ನಾನು ಗಂಜಿ ತರೋಳು. ನೂಕ್ಬುಡೋರು. ಮತ್ತೆ ಬಡಿಯೋರು, ಮತ್ತೆ ಅಡುಗೆಮನೆ ತೋರ್ಸೋರು. ಬಿಸಿ ಸಾಲ್ದೇನೋ ಅಂತ ಕಾಸ್ಕಂಡು ಬರೋಳು. ಮಜ್ಜಿಗೆ ಬೇಕೇನೋ ಅಂತ ಮಜ್ಜಿಗೆ ತರೋಳು. ಕಣ್ಣಲ್ಲಿ ನೀರಾಕೋರು ಮೇಡಂ. ಒಟ್ಟೆ ಅಸ್ಕಂಡು ನುಂಗಾಕಾಗದೆ ಅಳ್ತಾವ್ರೆ ಅಂದ್ಕಂಡಿದ್ನಲ್ಲಾ ನಾನು..."

ಮುಂದಿನದು ಅವಳ ಬಾಯಿಂದ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಅಡುಗೆಮನೆಯಲ್ಲಿ ಗಂಜಿಯೊಂದೇ ಅಲ್ಲ, ಕೆಂಪಮ್ಮನೂ ಇದ್ದರು.

ಇದನ್ನು ಆ ಕಿವಿಗೆ ಮುಟ್ಟಿಸುವುದು ಹೇಗೆ? ಕೂಗಿ ಹೇಳಿದರೆ ಬೀದಿಗೆ ಕೇಳುತ್ತದೆ. ಭಾಗ್ಯ ಕಣ್ಣೊರೆಸಿಕೊಂಡು, ಅತ್ತೆಯ ಮಡಿಲಿಂದ ಚಮಚ ತೆಗೆದುಕೊಂಡಳು. ಹೋಗಿ ಆ ಬರಿಯ ಮಂಚದ ಮೇಲೆ, ಮಾವ ಒರಗುತ್ತಿದ್ದ ಗೋಡೆಗೇ ಒರಗಿ ಕೂತಳು. ಒಂದು ಕೈ ಕತ್ತಿನ ಮೇಲೆ, ಕೊಳವೆ ಇದ್ದ ಜಾಗದಲ್ಲಿ. ಇನ್ನೊಂದು ಕೈಯಲ್ಲಿ ಚೊಂಬಿಗೆ ಮೆಲ್ಲಗೆ ಬಡಿದಳು. ಗಲ್ಲ ಒಳಗೆ ಹೋದ ಆ ಮುಖ, ಆ ಮಬ್ಬು ಬೆಳಕು. ಅಲ್ಲಿ ಕೂತಿದ್ದವಳು ಭಾಗ್ಯಳೇ ಎಂದು ನನಗೆ ನಾನೇ ಹೇಳಿಕೊಳ್ಳಬೇಕಾಯಿತು.

ಬಡಿದವಳು, ಎದುರಿಗೆ ಯಾರೋ ಬಂದು ನಿಂತ ಹಾಗೆ ನೋಡಿ, ಬೇಡ ಎಂದು ಕೈಯಾಡಿಸಿದಳು. ಅಡುಗೆಮನೆಯ ಕಡೆ ಬೆರಳು ತೋರಿಸಿದಳು. ಯಾರೋ ಕೊಟ್ಟದ್ದನ್ನು ನೂಕಿದಳು. ಮತ್ತೆ ಬಡಿದಳು. ಮತ್ತೆ ಅಡುಗೆಮನೆಯ ಕಡೆ ತೋರಿಸಿದಳು. ಕೆಂಪಮ್ಮ ಅವಳ ಬೆರಳು ಹೋದ ಕಡೆ ನೋಡಿದರು, ಅವಳ ಮುಖ ನೋಡಿದರು, ಮತ್ತೆ ಅಡುಗೆಮನೆಯ ಕಡೆ ನೋಡಿದರು. ಬಹಳ ಹೊತ್ತಿನ ಮೇಲೆ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು, "ನನ್ನಾ?" ಎಂದು ಕೇಳಿದರು.

ಭಾಗ್ಯ ಹೌದು ಎಂದು ತಲೆಯಾಡಿಸಿದಳು.

"ದಿನಾನಾ?"

ಅದಕ್ಕೂ ಹೌದು ಎಂದಳು.

ಕೆಂಪಮ್ಮ ಎದ್ದು ಹೋಗಿ ಅವಳ ಬೆನ್ನಿಗೆ ಒಂದು ಗುದ್ದಿದರು. "ಬಂದು ನನ್ನ ಕೈ ಇಡ್ಕಂಡು ಎಳ್ಕಂಡೋಗ್ಬಾರ್ದಿತ್ತೇನೇ, ಮಂಕುಮುಂಡೇದೆ!" ಇನ್ನೊಂದು ಗುದ್ದು ಎತ್ತಿದ ಕೈ ಹಾಗೇ ಅವಳ ತಲೆಯ ಮೇಲೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು, ಸದ್ದು ಹೊರಗೆ ಹೋಗದ ಹಾಗೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತರು. ನಾನೂ ಅತ್ತೆ. ಸಂಶೋಧನೆಗೆ ಹೋದವರು ಅಳಬಾರದು ಎಂದು ನಮಗೆ ಯಾರೂ ಹೇಳಿರಲಿಲ್ಲ.

ಕೃಷ್ಣ ಬರುವ ಮುಂಚೆ ಹಗ್ಗ ಕಟ್ಟಿ ಹೊರಗೆ ಬಂದೆವು. ಆ ಚೊಂಬನ್ನು ಕೆಂಪಮ್ಮ ಸೆರಗಿನೊಳಗೆ ಮುಚ್ಚಿಕೊಂಡು ತಂದರು. ಅವತ್ತು ಬಸ್ಸು ತಪ್ಪಿ ನಾನು ಅಲ್ಲೇ ಉಳಿದೆ. ಭಾಗ್ಯ ನನ್ನೆದುರಿಗೆ ಕೂತು ಮುದ್ದೆ ಉಂಡಳು. ಗಂಡನಿಗೆ ಅವಳು ಹೇಳಿದ್ದಿಷ್ಟೆ: "ಮೇಡಂ ಬಂದು ಮಾವಂಗೆ ಬುದ್ಧಿ ಯೋಳವ್ರೆ. ಇನ್ಮೇಲೆ ಕೂಗಕಿಲ್ಲ." ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ನಾನು ಇಲ್ಲ ಎನ್ನಲು ಹೋಗಲಿಲ್ಲ. ಸದ್ದು ನಿಂತಿತು, ಭಾಗ್ಯ ಉಂಡಳು, ನಾಗಮಂಗಲದ ಪ್ರಯಾಣ ರದ್ದಾಯಿತು. ಆಮೇಲೆ ಒಂದು ಸಲ ಬೆಳ್ಳೂರು ಕ್ರಾಸಿನ ಹೋಟೆಲಲ್ಲಿ ಕಾಫಿ ಕುಡಿಯುತ್ತಿದ್ದಾಗ ಯಾರೋ ಬಂದು, "ದೆವ್ವ ಬುಡ್ಸೋ ಮೇಡಮ್ಮ ನೀವೇ ಅಲ್ವರಾ? ನಮ್ಮ ಚಿಕ್ಕವ್ವಂಗೂ ಒಸಿ ನೋಡ್ಬೇಕಿತ್ತು" ಎಂದು ಕೇಳಿದ್ದೂ ಉಂಟು. ನನ್ನ ಎಂ.ಎ.ಗೆ ಅದಕ್ಕಿಂತ ದೊಡ್ಡ ಬಿರುದು ಮತ್ತೆ ಸಿಗಲಿಲ್ಲ.

ಮೈಸೂರಿಗೆ ಹೋಗಿ ದೊಡ್ಡ ಮೇಡಂಗೆ ಎಲ್ಲವನ್ನೂ ಹೇಳಿದೆ. ಆರೈಕೆ ಮಾಡುವವರನ್ನು ಮಾತ್ರ ಮಾತಾಡಿಸುತ್ತಿದ್ದೆವಲ್ಲ ನಾವು, ಆರೈಕೆ ಮಾಡಲು ಆಗದೆ ಆಚೆ ಕೂತವರ ಮನಸ್ಸನ್ನು ಕೇಳಬೇಕು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಅವರು ನಮ್ಮ ಪ್ರಶ್ನೆಗಳ ಪಟ್ಟಿಯನ್ನು ತೆಗೆದು ಮುಂದಿಟ್ಟುಕೊಂಡರು. "ಮುಂದಿನ ವಾರದಿಂದ ಮನೆಯಲ್ಲಿ ಇರುವವರನ್ನೆಲ್ಲ ಮಾತಾಡಿಸೋಣ" ಎಂದಷ್ಟೇ ಅಂದರು.

ಕೆಂಪಮ್ಮ ಈಗಿಲ್ಲ. ಭಾಗ್ಯಳ ಮಕ್ಕಳು ದೊಡ್ಡವರಾಗಿದ್ದಾರೆ, ಒಮ್ಮೊಮ್ಮೆ ಫೋನ್ ಮಾಡುತ್ತಾಳೆ. ಆ ಸಂಜೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ನಮ್ಮ ಕಡೆ ಬೆನ್ನು ಮಾಡಿ ಕೂತಿದ್ದ ಆ ಆಕೃತಿ, "ಬಂದೆ ಇರಿ" ಎಂದು ಮೆಲ್ಲಗೆ ಅಂದದ್ದು ನೆನಪಾದರೆ ಈಗಲೂ ನನ್ನ ಮೈ ಜುಂ ಎನ್ನುತ್ತದೆ. ಅಂದಿನಿಂದ ನನಗೊಂದು ಅಭ್ಯಾಸವಾಗಿದೆ. ಯಾರ ಮನೆಗೆ ರೋಗಿಯನ್ನು ನೋಡಲು ಹೋದರೂ ರೋಗಿಯ ಕೋಣೆಗೆ ಆಮೇಲೆ ಹೋಗುತ್ತೇನೆ. ಮೊದಲು ಅಡುಗೆಮನೆಯ ಕಡೆ ಹೋಗುತ್ತೇನೆ. ಅಲ್ಲಿ ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ.